ಲೈಟ್‌ರೂಮ್‌ನ ಎಚ್‌ಡಿಆರ್ ಮರ್ಜ್: ಯಾಣಕ್ಕೆ ಸೈ, ಅಲೆಗಳಿಗೆ ಅಷ್ಟಕ್ಕಷ್ಟೇ

ಯಾಣದ ಕಪ್ಪು ಬಂಡೆಯ ಬುಡದಿಂದ ಮೇಲ್ಮುಖವಾಗಿ ಫೋಟೊ ತೆಗೆದರೆ ಒಂದೋ ಆಕಾಶ ಬೆಳ್ಳಗಾಗಿ ಹೋಗುತ್ತದೆ, ಇಲ್ಲವೇ ಬಂಡೆ ಮಸಿಯಾಗುತ್ತದೆ. ಫೋಟೊ ತಿದ್ದುವ ತಂತ್ರಾಂಶ ಲೈಟ್‌ರೂಮ್ ಕ್ಲಾಸಿಕ್‌ನ ಎಚ್‌ಡಿಆರ್ ಮರ್ಜ್, ಅಂದರೆ ಬೇರೆಬೇರೆ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಒಂದಾಗಿಸುವ ಸೌಲಭ್ಯ, ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಟ್ರೈಪಾಡ್, ಐಎಸ್‌ಒ 100, ಎಫ್/8; ಶಟರ್ ವೇಗ ಮಾತ್ರ ಬದಲಿಸಿ −2, 0, +2 ಸ್ಟಾಪ್‌ನಲ್ಲಿ (ಕಡಿಮೆ, ಸಾಧಾರಣ, ಹೆಚ್ಚು ಬೆಳಕು) ಮೂರು ರಾ (ಕ್ಯಾಮೆರಾ ಸಂಸ್ಕರಿಸದ) ಚಿತ್ರ ಸಾಕು. ಮೂರನ್ನೂ ಆಯ್ದು ಕಂಟ್ರೋಲ್-ಎಚ್ ಒತ್ತಿ, ತೆರೆಯುವ ಕಿಟಕಿಯಲ್ಲಿ ಮರ್ಜ್ ಕೊಟ್ಟರೆ ಒಂದೇ ಡಿಎನ್‌ಜಿ (ರಾ ಮಾದರಿಯ ಕಡತ) ಸಿಗುತ್ತದೆ. ಅದರ ಎಕ್ಸ್‌ಪೋಶರ್ ಸ್ಲೈಡರ್ ±5ರ ಬದಲು ±10ರವರೆಗೆ ಓಡುತ್ತದೆ. ಮರ್ಜ್ ಕಿಟಕಿಯ ಆಟೊ ಸೆಟ್ಟಿಂಗ್ಸ್ ಗುರುತು ಮಾತ್ರ ತೆಗೆದುಬಿಡಿ. ಅದು ನೆರಳನ್ನೆಲ್ಲ ಎತ್ತಿ ಬಂಡೆಯ ಗಾಂಭೀರ್ಯವನ್ನೇ ಕಳೆಯುತ್ತದೆ.

ಕಾರವಾರದ ಟಾಗೋರ್ ಕಡಲತೀರದ ಸಂಜೆಗೆ ಇದು ಅಷ್ಟು ಒಗ್ಗದು. ಮೂರೂ ಚಿತ್ರದಲ್ಲಿ ಅಲೆ ಬೇರೆಬೇರೆ ಕಡೆ ಇರುವುದರಿಂದ ನೊರೆ ಕಲಸಿಹೋಗುತ್ತದೆ. ಅಲುಗಾಟದ ಕಲಸುಗಳನ್ನು ತೆಗೆಯುವ ಡಿಘೋಸ್ಟ್ ಆಯ್ಕೆಯನ್ನು 'ಹೈ' ಇಟ್ಟರೆ ಆ ಜಾಗ ಒಂದೇ ಚಿತ್ರದಿಂದ ತುಂಬಿ, ನೆರಳಲ್ಲಿ ನಾಯ್ಸ್ ಕಾಳುಕಾಳಾಗಿ ಕಾಣುತ್ತದೆ. 'ಲೋ'ದಿಂದ ಶುರುಮಾಡಿ. ತೆಂಗಿನ ಗರಿ ಜೋರಾಗಿ ಅಲ್ಲಾಡುತ್ತಿದ್ದರೆ ಒಂದೇ ರಾ ಚಿತ್ರ ವಾಸಿ.