ಮಾತಾಡುವ ಬೋರ್ಡಾ, ಅಡುಗೆ ಆಟದ ಸಾಮಾನಾ? ಕಿವಿ ಕೇಳದ ಮಗುವಿಗೆ ಆಟಿಕೆ ಆರಿಸುವಾಗ

ನನ್ನ ಮಗಳಿಗೆ ಹುಟ್ಟಿನಿಂದಲೂ ಕಿವಿ ಕೇಳುವುದು ತುಂಬಾ ಕಡಿಮೆ. ಎರಡೂ ಕಿವಿಗೆ ಮಷೀನ್ ಹಾಕುತ್ತಾಳೆ. ಕುಮಟಾದ ನಮ್ಮ ಮನೆಯಲ್ಲಿ ಕನ್ನಡ ಮಾತೂ ನಡೆಯುತ್ತದೆ, ಸನ್ನೆ ಭಾಷೆಯೂ ನಡೆಯುತ್ತದೆ. ನೆಂಟರು ಪ್ರೀತಿಯಿಂದ ತಂದದ್ದು, ನಾವು ಕೊಂಡದ್ದು ಸೇರಿ ಕಪಾಟಿನ ತುಂಬ ಆಟಿಕೆಗಳಿವೆ. ಅವುಗಳಲ್ಲಿ ಅವಳ ಭಾಷೆಗೆ ನಿಜಕ್ಕೂ ನೆರವಾದದ್ದು ಯಾವುದು ಅಂತ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಮಗು ಇರುವ ಮನೆಯವರು ದುಡ್ಡು ಹಾಕುವ ಮೊದಲು ಒಮ್ಮೆ ಓದಲಿ.

ನಾನು ನೋಡುವುದು ಒಂದೇ ಸಂಗತಿ. ಆಟಿಕೆ ಕೈಗೆ ಬಂದ ಮೇಲೆ ಮಗು ತಲೆ ಎತ್ತಿ ನಮ್ಮ ಮುಖ ನೋಡುತ್ತದಾ? ಕಿವಿ ಕೇಳುವ ಮಗು ಬೊಂಬೆ ನೋಡುತ್ತಲೇ ಅಮ್ಮನ ಮಾತನ್ನೂ ಕೇಳಿಸಿಕೊಳ್ಳುತ್ತದೆ. ನನ್ನ ಮಗಳಿಗೆ ಅದು ಕಷ್ಟ. ಬೊಂಬೆ ಮೇಲೆ ಕಣ್ಣಿದ್ದಾಗ ನನ್ನ ಕೈಸನ್ನೆ ಕಾಣುವುದಿಲ್ಲ, ತುಟಿಯೂ ಕಾಣುವುದಿಲ್ಲ. ಅವಳು ತಲೆ ಎತ್ತಿದಾಗ ಹೇಳಿದರೆ ಮಾತ್ರ ಮಾತು ಪೂರ್ತಿ ಮುಟ್ಟುತ್ತದೆ.

ಬಟನ್ ಒತ್ತಿದರೆ ಮಾತಾಡುವ ಬೋರ್ಡನ್ನು ಈ ಲೆಕ್ಕದಲ್ಲಿ ನೋಡಿ. ಒತ್ತಿದರೆ ‘ಎ ಫಾರ್ ಆ್ಯಪಲ್’ ಅನ್ನುತ್ತದೆ, ದೀಪ ಮಿನುಗುತ್ತದೆ. ದೀಪ ಅವಳಿಗೆ ಬಹಳ ಇಷ್ಟ. ಎಷ್ಟು ಹೊತ್ತಾದರೂ ಒತ್ತುತ್ತಾ ಕೂರುತ್ತಾಳೆ, ತಲೆ ಮಾತ್ರ ಎತ್ತುವುದಿಲ್ಲ. ಸಣ್ಣ ಸ್ಪೀಕರಿನ ಕೀರಲು ದನಿ ನನಗೇ ಸರಿಯಾಗಿ ತಿಳಿಯುವುದಿಲ್ಲ. ಕಿವಿ ಮಷೀನ್ ಅದನ್ನು ಜೋರು ಮಾಡಬಹುದು, ಒಡಕು ದನಿಯನ್ನು ಸ್ಪಷ್ಟ ಮಾಡಲಾರದು. ಓದಿಕೊಳ್ಳಲು ತುಟಿ ಇಲ್ಲ, ಮುಖ ಇಲ್ಲ. ಮಗು ಏನಾದರೂ ಹೇಳಿದರೆ ಬೋರ್ಡಿನಿಂದ ಉತ್ತರವೂ ಬರುವುದಿಲ್ಲ.

ಅಡುಗೆ ಆಟದ ಸಾಮಾನು ತಂದದ್ದು ಶಿರಸಿಯ ಮಾರಿಕಾಂಬಾ ಜಾತ್ರೆಯಿಂದ. ಎರಡು ವರ್ಷಕ್ಕೊಮ್ಮೆ ನಡೆಯುವ ಆ ಜಾತ್ರೆಯ ಅಂಗಡಿ ಸಾಲಿನಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ. ಪುಟ್ಟ ಒಲೆ, ಪಾತ್ರೆ, ಸೌಟು, ತಟ್ಟೆ, ಅಷ್ಟೇ. ಇಲ್ಲಿ ಯಾರಾದರೂ ಉಣ್ಣದಿದ್ದರೆ ಆಟವೇ ಮುಂದೆ ಹೋಗುವುದಿಲ್ಲ. ಖಾಲಿ ಸೌಟನ್ನು ನನ್ನ ಬಾಯಿಗೆ ಹಿಡಿದು ನೇರ ಮುಖ ನೋಡುತ್ತಾಳೆ. ನಾನು ಮುಖ ಕಿವುಚಿ ‘ಖಾರ!’ ಅಂದರೆ ನಗುತ್ತಾಳೆ, ತಾನೂ ಹೇಳುತ್ತಾಳೆ. ಬಿಸಿ, ಇನ್ನೂ ಬೇಕು, ಸಾಕು, ಉಪ್ಪು ಕಡಿಮೆ, ಅಜ್ಜಿಗೆ ಬಡಿಸು: ಎಲ್ಲ ಈ ಆಟದಲ್ಲೇ ಬಂದವು. ಇವು ವಸ್ತುಗಳ ಹೆಸರಲ್ಲ, ಗಮನಿಸಿ. ನಮ್ಮಂಥವರ ಮನೆಗಳಲ್ಲಿ ‘ಇದೇನು, ಅದೇನು’ ಅಂತ ಹೆಸರು ಹೇಳಿಸುವುದೇ ಜಾಸ್ತಿ. ಮಾಡುವುದು, ಬೇಕೆನ್ನುವುದು, ಬೇಡವೆನ್ನುವುದು ಹಿಂದೆ ಬೀಳುತ್ತವೆ. ಒಂದು ದಿನ ಸುಳ್ಳು ಪಾಯಸಕ್ಕೆ ಮೆಣಸು ಹಾಕಿ, ‘ಅಪ್ಪನಿಗೆ ಗೊತ್ತಿಲ್ಲ’ ಅಂತ ನನಗೆ ಗುಟ್ಟಾಗಿ ಸನ್ನೆ ಮಾಡಿದಳು. ನನಗಾದ ಖುಷಿ ಹೇಳತೀರದು. ಇನ್ನೊಬ್ಬರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಅನ್ನುವ ಅರಿವು ಭಾಷೆ ತಡವಾಗಿ ಸಿಕ್ಕ ಮಕ್ಕಳಲ್ಲಿ ತಡವಾಗಿಯೇ ಬರುತ್ತದೆ.

ಒಂದು ಎಚ್ಚರಿಕೆ: ಸ್ಟೀಲ್ ಪಾತ್ರೆ ಟೈಲ್ಸ್ ನೆಲಕ್ಕೆ ಬಡಿದರೆ ಮಷೀನಿನಲ್ಲಿ ಆ ಸದ್ದು ಕರ್ಕಶವಾಗುತ್ತದೆ. ಕೆಳಗೆ ಚಾಪೆ ಹಾಸಿ.

ಫ್ಲ್ಯಾಶ್ ಕಾರ್ಡು ಮತ್ತು ಫೋಟೋ ಆಲ್ಬಮ್ಮಿನ ನಡುವೆ ನನಗೆ ಅನುಮಾನವೇ ಇಲ್ಲ. ಕಾರ್ಡಿನಲ್ಲಿ ಇಗ್ಲೂ ಇದೆ, ಬಂಗುಡೆ ಇಲ್ಲ. ಮೊಬೈಲಿನ ಫೋಟೋಗಳನ್ನು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಆಲ್ಬಮ್ ಮಾಡಿದೆವು. ಅಜ್ಜಿ, ದೋಣಿ, ಮೀನು ಪೇಟೆ, ಕಾರವಾರದ ಟಾಗೋರ್ ಕಡಲತೀರದಲ್ಲಿ ನಿಂತಿರುವ ಯುದ್ಧನೌಕೆ ಚಪಲ್, ಎಲ್ಲ ಅದರಲ್ಲಿವೆ. ಆ ನೌಕೆಯ ಫೋಟೋ ತೋರಿಸಿ ‘ಅಲ್ಲಿ ಅಪ್ಪ ಏಣಿ ಹತ್ತಿದ, ನಾನು ಹೆದರಿದೆ’ ಅಂತ ತಾನೇ ಹೇಳುತ್ತಾಳೆ. ಕಣ್ಣೆದುರು ಇಲ್ಲದ ಸಂಗತಿಯನ್ನು ಹೇಳುವ ಅಭ್ಯಾಸ ಕಾರ್ಡಿನಿಂದ ಬರುತ್ತಿರಲಿಲ್ಲ. ಸನ್ನೆ ಗೊತ್ತಿಲ್ಲದ ಪದ ಬಂದರೆ ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ವಿಡಿಯೋ ನಿಘಂಟು ಇದೆ. 2021ರ ಆವೃತ್ತಿಯಲ್ಲಿ 10,000 ಪದಗಳಿವೆ. ಮೊಬೈಲಿನಲ್ಲೇ ನೋಡಬಹುದು.

ಕೇಳುವ ಅಭ್ಯಾಸಕ್ಕೆ ಎಲ್ಲರೂ ಮೊದಲು ಕೊಡುವುದು ಡೋಲು. ಅವಳೂ ಬಾರಿಸಿ ಕುಣಿಯುತ್ತಾಳೆ, ಡೋಲು ಅದುರುವುದು ಕೈಗೇ ತಿಳಿಯುತ್ತದೆ. ಆದರೆ ಡೋಲಿಗೆ ತಿರುಗಿ ನೋಡಿದಳು ಅಂತ ಮಾತು ಕೇಳುತ್ತದೆ ಅಂದುಕೊಳ್ಳಬೇಡಿ. ಡೋಲಿನದು ದಪ್ಪ ಸದ್ದು. ‘ಸ್’, ‘ಶ್’ ತೆಳು ಸದ್ದುಗಳು, ಎಷ್ಟೋ ಮಕ್ಕಳಿಗೆ ಇವೇ ಕೇಳುವುದಿಲ್ಲ. ಚನ್ನಪಟ್ಟಣದ ಬಣ್ಣದ ಬಳೆಗಳ ಗೋಪುರ ಇಲ್ಲಿ ಡೋಲಿಗಿಂತ ಎಷ್ಟೋ ಮೇಲು. ಬೆಳಿಗ್ಗೆ ಮಷೀನ್ ಹಾಕಿದ ಮೇಲೆ ಅವಳ ಹಿಂದೆ ಕೂತು ಆ, ಈ, ಊ, ಮ್, ಶ್, ಸ್ ಅನ್ನುತ್ತೇನೆ. ಕೇಳಿದಾಗಲೆಲ್ಲ ಒಂದು ಬಳೆ ಹಾಕಬೇಕು. ಇದು ಡೇನಿಯಲ್ ಲಿಂಗ್ ಎಂಬ ತಜ್ಞರ ಆರು ಸದ್ದಿನ ಪರೀಕ್ಷೆ. ದಿನಾ ಕೇಳುತ್ತಿದ್ದ ಸದ್ದಿಗೆ ಬಳೆ ಬೀಳಲಿಲ್ಲ ಅಂದರೆ ಮಷೀನ್ ಒಮ್ಮೆ ನೋಡಬೇಕು. ಮಳೆಗಾಲದಲ್ಲಿ ನಮ್ಮ ಕರಾವಳಿಯ ತೇವಕ್ಕೆ ಮಷೀನ್ ಬೇಗ ಕೆಡುತ್ತದೆ, ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿರುವಾಗ ಈ ಆಟ ಬೇಡ, ಸನ್ನೆಯ ಆಟ ಆಡಿ.

ಕೈಗೆ ತೊಡುವ ಬೊಂಬೆ ಅಂಗಡಿಯಲ್ಲಿ ಚೆಂದ ಕಾಣುತ್ತದೆ. ಆದರೆ ಸನ್ನೆ ಮಾಡುವ ಕೈಯನ್ನೇ ಅದು ಮುಚ್ಚುತ್ತದೆ, ಮುಖದ ಹತ್ತಿರ ಹಿಡಿದರೆ ತುಟಿಗೂ ಅಡ್ಡ. ಸಾದಾ ಬಟ್ಟೆ ಬೊಂಬೆಯನ್ನು ತೊಡೆ ಮೇಲೆ ಕೂರಿಸಿದರೆ ಎರಡೂ ಕೈ ಖಾಲಿ. ನಮ್ಮ ಬೊಂಬೆಗೆ ಬಟ್ಟೆಯಲ್ಲಿ ಪುಟ್ಟ ಕಿವಿ ಮಷೀನ್ ಹೊಲಿದಿದ್ದೇನೆ. ಬೆಳಿಗ್ಗೆ ಬೊಂಬೆಗೆ ಹಾಕಿದ ಮೇಲೆಯೇ ತಾನು ಹಾಕಿಸಿಕೊಳ್ಳುವುದು.

ಬೋರ್ಡನ್ನು ಎಸೆದಿಲ್ಲ. ದನಿ ಬಂದ್ ಮಾಡಿ ಚಿತ್ರ ತೋರಿಸಲು ಇಟ್ಟುಕೊಂಡಿದ್ದೇವೆ. ನೀವು ಅಂಥದ್ದು ಕೊಳ್ಳುವುದಾದರೆ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯಾ ನೋಡಿ. ಗುಂಡಿಯಂಥ ಸಣ್ಣ ಬ್ಯಾಟರಿ ಮಗುವಿನ ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ, ತಡಮಾಡದೆ ಆಸ್ಪತ್ರೆಗೆ ಓಡಬೇಕು. ಕಿವಿ ಮಷೀನಿನ ಬ್ಯಾಟರಿಗೂ ಇದೇ ಮಾತು. ಹಳೆಯದನ್ನು ಬದಲಿಸಿದ ಕೂಡಲೇ ಅವಳ ಕೈಗೆಟುಕದಂತೆ ಎತ್ತಿಡುತ್ತೇನೆ.