ಹಸಿರು ಗುರುತು ಕಂಡು ಕಾದ ರಾತ್ರಿ: ಮನೆಯಲ್ಲೇ ಹೃದ್ರೋಗಿಯ ದೂರನಿಗಾ, 14 ತಿಂಗಳ ಬಳಕೆಯ ನಂತರ

ಆ ಬೆಳಿಗ್ಗೆ ತೂಕದ ಯಂತ್ರ 58.1 ಕಿಲೋ ತೋರಿಸಿತ್ತು. ಆ್ಯಪ್‌ನಲ್ಲಿ ಹಸಿರು ಗುರುತು ಮೂಡಿ, ಅದರ ಪಕ್ಕದಲ್ಲಿ ‘ಗುರಿಯ ಮಿತಿಯಲ್ಲಿದೆ’ ಎಂಬ ಸಾಲು ಬಂದಿತ್ತು. ಅದೇ ರಾತ್ರಿ ಅಮ್ಮ ಮಲಗಿದರೆ ಉಸಿರು ಕಟ್ಟುತ್ತದೆಂದು ಎದ್ದು, ಬೆಳಕು ಹರಿಯುವವರೆಗೂ ಕುರ್ಚಿಯಲ್ಲಿ ಕುಳಿತೇ ಇದ್ದರು. ಕುಳಿತಾಗ ಉಸಿರಾಟ ತುಸು ಸಲೀಸಾಗುತ್ತಿತ್ತು, ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕಿದ ಆಕ್ಸಿಮೀಟರ್ 95 ಎನ್ನುತ್ತಿತ್ತು, ತೂಕವೂ ಸರಿಯಾಗಿಯೇ ಇದೆಯಲ್ಲ ಎಂದು ನಾವು ಬೆಳಗಾಗಲೆಂದು ಕಾದೆವು. ಕಾಯಬಾರದಿತ್ತು, ಆ ಲಕ್ಷಣ ಕಂಡ ಕೂಡಲೇ ಆಸ್ಪತ್ರೆಗೆ ಹೊರಡಬೇಕಿತ್ತು ಎಂಬುದು ಈಗ ನನಗೆ ಚೆನ್ನಾಗಿ ಗೊತ್ತು. ಮನೆಯಲ್ಲಿರುವ ರೋಗಿಯ ಅಂಕಿಗಳನ್ನು ದೂರದಿಂದ ನೋಡುವ ಸೇವೆಯೊಂದರ ಈ ವಿಮರ್ಶೆಯನ್ನು ಬರೆಯಲು ಕೂತದ್ದೇ ಆ ರಾತ್ರಿಯ ಕಾರಣದಿಂದ.

ಅಮ್ಮನಿಗೆ ಹೃದಯ ವೈಫಲ್ಯವಿದೆ. ಹೃದಯದ ಪಂಪಿನ ಶಕ್ತಿ ಕುಂದಿದಾಗ ಮೂತ್ರಪಿಂಡಗಳು ಉಪ್ಪು ಮತ್ತು ನೀರನ್ನು ದೇಹದಲ್ಲೇ ಹಿಡಿದಿಡುತ್ತವೆ. ಆ ನೀರು ಕಾಲಿಗೂ ಶ್ವಾಸಕೋಶಕ್ಕೂ ಇಳಿದು ಕಷ್ಟ ಕೊಡುವುದಕ್ಕೆ ಎಷ್ಟೋ ದಿನ ಮೊದಲೇ ತೂಕದಲ್ಲಿ ಕಾಣಿಸಿಕೊಳ್ಳುತ್ತದೆ, ಏಕೆಂದರೆ ಒಂದು ಲೀಟರ್ ನೀರು ಸೇರಿದರೆ ಒಂದು ಕಿಲೋ ಏರಲೇಬೇಕು. ಮನೆಯಿಂದಲೇ ರೋಗಿಯ ಮೇಲೆ ನಿಗಾ ಇಡುವ ಈ ಸೇವೆಯ ತಿರುಳೆಲ್ಲ ಈ ಒಂದು ಲೆಕ್ಕದಲ್ಲಿದೆ. ತೂಕದ ಯಂತ್ರ, ಬಿಪಿ ಯಂತ್ರ ಮತ್ತು ಆಕ್ಸಿಮೀಟರ್ ಬ್ಲೂಟೂತ್ ಮೂಲಕ ಫೋನಿಗೆ ಅಂಕಿ ಕೊಡುತ್ತವೆ, ಫೋನು ಅವನ್ನು ನರ್ಸ್ ಒಬ್ಬರ ಕಂಪ್ಯೂಟರ್ ಪರದೆಗೆ ತಲುಪಿಸುತ್ತದೆ. ಯಂತ್ರಗಳ ತಾಂತ್ರಿಕ ವಿವರಗಳು ಎಲ್ಲೆಡೆ ಸಿಗುವುದರಿಂದ ಅವನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.

ಮೊದಲು, ಬಳಸಿದ ರೀತಿ. ಅಮ್ಮ ಎದ್ದು ಶೌಚಾಲಯಕ್ಕೆ ಹೋಗಿ ಬಂದ ಮೇಲೆ, ಏನನ್ನೂ ತಿನ್ನುವ ಕುಡಿಯುವ ಮೊದಲು, ಪ್ರತಿದಿನವೂ ಅದೇ ತೆಳುವಾದ ಬಟ್ಟೆಯಲ್ಲಿ ತೂಕದ ಯಂತ್ರದ ಮೇಲೆ ನಿಲ್ಲುತ್ತಾರೆ. ಯಂತ್ರವನ್ನು ಗಟ್ಟಿ ನೆಲದ ಮೇಲೆಯೇ ಇಡಬೇಕು. ಚಾಪೆಯ ಅಂಚು ಒಂದು ಕಾಲಿನ ಕೆಳಗೆ ಸಿಕ್ಕಿಕೊಂಡಿದ್ದ ದಿನ ಅದು ಅರ್ಧ ಕಿಲೋ ಕಡಿಮೆ ತೋರಿಸಿತು. ಬಳಿಕ ಬೆರಳುಗಳು ತಣ್ಣಗಿದ್ದರೆ ನನ್ನ ಎರಡು ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡಿ ಆಕ್ಸಿಮೀಟರ್ ಹಾಕುತ್ತೇನೆ, ಏಕೆಂದರೆ ಬೆರಳ ತುದಿಯಲ್ಲಿ ರಕ್ತ ಸರಿಯಾಗಿ ಹರಿಯದಿದ್ದರೆ ಆ ಪುಟ್ಟ ಉಪಕರಣ ತಡಬಡಿಸುತ್ತದೆ. ಕೊನೆಯ ಸರದಿ ಬಿಪಿಯದು. ಬೆನ್ನಿಗೆ ಆಸರೆ, ಪಾದಗಳು ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ, ಮತ್ತು ಪಟ್ಟಿ ಬಿಗಿಯುವ ಮೊದಲು 5 ನಿಮಿಷ ಸುಮ್ಮನೆ ಕೂರಬೇಕು. ಮಾತನಾಡಿದರೂ ಒತ್ತಡ ಏರುವುದರಿಂದ ಆ ಹೊತ್ತಿನಲ್ಲಿ ಮಾತಿಲ್ಲ.

ಈ 5 ನಿಮಿಷ ಇಷ್ಟು ಪ್ರಿಯವಾಗುತ್ತದೆಂದು ನಾನು ಎಣಿಸಿರಲಿಲ್ಲ. ಅದಕ್ಕೆ ಮೊದಲು ನಮ್ಮ ಬೆಳಗು ಎಂದರೆ ನಾನು ಒಂದು ಕೋಣೆಯಲ್ಲಿ, ಅಮ್ಮ ಇನ್ನೊಂದರಲ್ಲಿ. ಈಗ ಕಿಟಕಿಯ ಪಕ್ಕದ ಎರಡು ಕುರ್ಚಿಗಳಲ್ಲಿ ಇಬ್ಬರೂ ಮೌನವಾಗಿ ಕುಳಿತಿರುತ್ತೇವೆ. ಅಮ್ಮ ಕಣ್ಣು ಮುಚ್ಚಿರುತ್ತಾರೆ, ನಾನು ಊತವಿದೆಯೇ ಎಂದು ಅವರ ಪಾದದ ಗಂಟನ್ನು ನೋಡುತ್ತಿರುತ್ತೇನೆ. ಅಂಕಿಗಳು ಹೋಗಿ ಮುಟ್ಟಿದವೆಂದು ಫೋನು ಸಣ್ಣಗೆ ದನಿ ಮಾಡಿದಾಗ ಅಮ್ಮ ‘ಅವರಿಗೆ ಸಿಕ್ಕಿತಂತೆ’ ಎಂದು ನೆಮ್ಮದಿಯಿಂದ ಏಳುತ್ತಾರೆ. ತನ್ನನ್ನು ಯಾರೋ ನೋಡುತ್ತಿದ್ದಾರೆಂಬ ಆ ಭಾವ ಅವರ ಭಯವನ್ನು ಎಷ್ಟೋ ಇಳಿಸಿತು. ಮೊದಲ 10 ತಿಂಗಳಲ್ಲಿ ಯಾರಾದರೂ ಕೇಳಿದ್ದರೆ ನಾನು ಈ ಸೇವೆಯನ್ನು ಕಣ್ಣು ಮುಚ್ಚಿ ಹೊಗಳುತ್ತಿದ್ದೆ.

ಸಣ್ಣ ತೊಡಕುಗಳು ಆಗಲೂ ಇದ್ದವು. ಪೆಟ್ಟಿಗೆಯಲ್ಲಿ ಬಂದ ಬಿಪಿ ಪಟ್ಟಿ ಅಮ್ಮನ ಸಣಕಲು ತೋಳಿಗೆ ದೊಡ್ಡದಾಗಿತ್ತು. ತೋಳಿನ ಅಳತೆಗಿಂತ ದೊಡ್ಡ ಪಟ್ಟಿ ಒತ್ತಡವನ್ನು ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಚಿಕ್ಕದು ಹೆಚ್ಚು ತೋರಿಸುತ್ತದೆ. ಬದಲಿಸಿ ಕೊಡಿ ಎಂದು ಕೇಳಿದ ವಾರದಲ್ಲೇ ಸಣ್ಣ ಪಟ್ಟಿ ಬಂತು. ಆಕ್ಸಿಮೀಟರ್‌ನ ವಿಷಯದಲ್ಲಿ ಎಚ್ಚರ ಬೇಕಾದದ್ದು ಇನ್ನೊಂದಿದೆ. ಅದು ಕೆಂಪು ಮತ್ತು ಅವಕೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ ಲೆಕ್ಕ ಹಾಕುವುದರಿಂದ, ಚರ್ಮದ ಬಣ್ಣ ಕಪ್ಪಾಗಿರುವವರಲ್ಲಿ ಆಮ್ಲಜನಕವನ್ನು ನಿಜಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆ ಇದೆ. ಅಮೆರಿಕದ ವೈದ್ಯರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಹೀಗಾಗಿ 95 ಎಂಬ ಒಂದು ಅಂಕಿಯ ಮೇಲೆ ಆ ರಾತ್ರಿ ನಾನಿಟ್ಟ ಭರವಸೆ ತಪ್ಪಾಗಿತ್ತು.

ಈಗ ಆ 58.1ರ ಕಥೆಗೆ ಬರುತ್ತೇನೆ. ಈ ಸೇವೆಯಲ್ಲಿ ಎಚ್ಚರಿಕೆ ಹೋಗುವುದಕ್ಕೆ ಎರಡು ನಿಯಮಗಳಿವೆ. ಒಂದೇ ದಿನದಲ್ಲಿ 1 ಕಿಲೋಗಿಂತ ಹೆಚ್ಚು ಅಥವಾ 3 ದಿನದಲ್ಲಿ 2 ಕಿಲೋಗಿಂತ ಹೆಚ್ಚು ಏರಿದರೆ ನರ್ಸ್‌ಗೆ ಸುದ್ದಿ ಹೋಗುತ್ತದೆ. ಅದಲ್ಲದೆ, ದೇಹದಲ್ಲಿ ಹೆಚ್ಚುವರಿ ನೀರಿಲ್ಲದಾಗಿನ ತೂಕವನ್ನು, ವೈದ್ಯರು ಡ್ರೈ ವೇಯ್ಟ್ ಎನ್ನುವುದನ್ನು, ಆಧಾರವಾಗಿಟ್ಟುಕೊಂಡು ಅದಕ್ಕಿಂತ ಎಷ್ಟು ದೂರ ಸರಿದಿದೆ ಎಂದು ಆ್ಯಪ್ ನೋಡುತ್ತದೆ. ಅಮ್ಮ ಆಸ್ಪತ್ರೆಯಿಂದ ಬಂದ ದಿನ ಆ ಆಧಾರ ತೂಕವನ್ನು 58 ಎಂದು ದಾಖಲಿಸಿದ್ದರು. ಆಮೇಲಿನ ತಿಂಗಳುಗಳಲ್ಲಿ ಅವರಿಗೆ ಹಸಿವು ಕಡಿಮೆಯಾಯಿತು, ಮೈಯ ಮಾಂಸ ಕರಗಿತು, ತೂಕ ನಿಧಾನವಾಗಿ 55ರ ಹತ್ತಿರಕ್ಕೆ ಇಳಿಯಿತು. ಈ ಕಾಯಿಲೆ ಹಳೆಯದಾದಂತೆ ಹೀಗಾಗುವುದು ಅಪರೂಪವಲ್ಲ. ಇಳಿಕೆ ಒಳ್ಳೆಯದೇ ಎಂದುಕೊಂಡೆವು. ಆಧಾರದ ಗೆರೆ ಮಾತ್ರ 58ರಲ್ಲೇ ಉಳಿಯಿತು.

11ನೆಯ ತಿಂಗಳಲ್ಲಿ ನೀರು ತುಂಬತೊಡಗಿತು. ದಿನಕ್ಕೆ ನೂರು ಗ್ರಾಂ, ಒಮ್ಮೆ ಅದೂ ಇಲ್ಲ, ಮರುದಿನ ಇನ್ನೂರು. ದಿನದ ನಿಯಮವನ್ನೂ 3 ದಿನದ ನಿಯಮವನ್ನೂ ಮುಟ್ಟದೆ, ಸುಮಾರು 5 ವಾರಗಳಲ್ಲಿ ಹತ್ತಿರ ಹತ್ತಿರ 3 ಕಿಲೋ ಸೇರಿತು. ಅಂದರೆ ಅಮ್ಮನ ಮೈಯಲ್ಲಿ 3 ಲೀಟರಿನಷ್ಟು ಬೇಡದ ನೀರು ನಿಂತಿದ್ದಾಗ ಯಂತ್ರವು ತೋರಿಸಿದ ಅಂಕಿ, ಅವರು ಆರೋಗ್ಯವಾಗಿ ಮನೆಗೆ ಬಂದ ದಿನದ ಅಂಕಿಯೇ. ಕಳೆದುಹೋದ ಮಾಂಸದ ಜಾಗವನ್ನು ನೀರು ತುಂಬಿತ್ತು, ಆ್ಯಪ್ ಅದನ್ನು ಗುರಿ ತಲುಪಿದಂತೆ ಹಸಿರಿನಲ್ಲಿ ತೋರಿಸಿತ್ತು. ಇದರ ಜೊತೆಗೆ ಮೊದಲ ಪರದೆಯಲ್ಲಿ ಕಾಣುವ ನಕ್ಷೆ ಬರೀ 7 ದಿನಗಳದು. ಏಳು ದಿನದ ಕಿಟಕಿಯಿಂದ ನೋಡಿದರೆ 5 ವಾರಗಳ ಏರು ಸಮತಟ್ಟಾಗಿಯೇ ಕಾಣುತ್ತದೆ.

ಇದನ್ನು ಪತ್ತೆ ಹಚ್ಚಿದ್ದು ಒಂದು ಪ್ರಶ್ನೆ. ಬೆಳಿಗ್ಗೆ ನಾನು ಕರೆ ಮಾಡಿದಾಗ ನರ್ಸ್ ಅಂಕಿಗಳ ಮಾತೆತ್ತದೆ ಅಮ್ಮನಿಗೇ ಫೋನು ಕೊಡಲು ಹೇಳಿ, ‘ಅಮ್ಮಾ, ಮಲಗುವಾಗ ತಲೆಯ ಕೆಳಗೆ ಎಷ್ಟು ದಿಂಬು ಇಟ್ಟುಕೊಳ್ಳುತ್ತೀರಿ?’ ಎಂದು ಕೇಳಿದರು. ‘ಮೊದಲು ಒಂದೇ ಇತ್ತು ತಾಯಿ, ಆಮೇಲೆ ಎರಡು, ಈಗ ಮೂರಿಟ್ಟರೂ ಆಗುತ್ತಿಲ್ಲ’ ಎಂದರು ಅಮ್ಮ. ಒಂದೇ ಮನೆಯಲ್ಲಿದ್ದೂ ನಾನು ಆ ದಿಂಬುಗಳನ್ನು ಎಣಿಸಿರಲಿಲ್ಲ. ನರ್ಸ್ ಕೂಡಲೇ 3 ತಿಂಗಳ ನಕ್ಷೆಯನ್ನು ತೆರೆದು ನೋಡಿ ವೈದ್ಯರಿಗೆ ತಿಳಿಸಿದರು; ಅಂದೇ ಅಮ್ಮನನ್ನು ಕರೆದೊಯ್ದು ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ, ಮೂತ್ರ ಹೆಚ್ಚಿಸುವ ಔಷಧಿಯ ಪ್ರಮಾಣ ಬದಲಿಸಿಕೊಂಡು ಬಂದೆವು. ಮುಂದಿನ 5 ದಿನಗಳಲ್ಲಿ ಎರಡೂವರೆ ಕಿಲೋ ಇಳಿಯಿತು. ಆರನೆಯ ರಾತ್ರಿ ಅಮ್ಮ ಒಂದು ದಿಂಬಿನ ಮೇಲೆ ಮಲಗಿ ನಿದ್ರಿಸಿದರು.

ಆಮೇಲೆ ಕೋಪದಲ್ಲಿಯೇ ಈ ವಿಷಯದ ಅಧ್ಯಯನಗಳನ್ನು ಓದತೊಡಗಿದೆ. ಅಮೆರಿಕದಲ್ಲಿ 1,653 ಹೃದಯ ವೈಫಲ್ಯದ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರೋಗಿಗಳು ಪ್ರತಿದಿನ ಒಂದು ಸ್ವಯಂಚಾಲಿತ ಫೋನ್ ವ್ಯವಸ್ಥೆಗೆ ಕರೆ ಮಾಡಿ ತೂಕ ಮತ್ತು ಲಕ್ಷಣಗಳನ್ನು ದಾಖಲಿಸಬೇಕಿತ್ತು; ಸಾವಿನಲ್ಲಾಗಲಿ ಮತ್ತೆ ಆಸ್ಪತ್ರೆ ಸೇರುವುದರಲ್ಲಾಗಲಿ ಅದರಿಂದ ವ್ಯತ್ಯಾಸ ಕಾಣಲಿಲ್ಲ. ಜರ್ಮನಿಯಲ್ಲಿ 1,571 ರೋಗಿಗಳನ್ನು ಒಳಗೊಂಡು 2018ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಹಗಲೂ ರಾತ್ರಿಯೂ ವೈದ್ಯರು ಮತ್ತು ನರ್ಸ್‌ಗಳಿರುವ ಕೇಂದ್ರವೊಂದು ಮನೆಯಿಂದ ಬಂದ ಅಂಕಿಗಳನ್ನು ನೋಡುತ್ತಿತ್ತು. ಅಲ್ಲಿ ಆಸ್ಪತ್ರೆಯಲ್ಲಿ ಕಳೆದ ದಿನಗಳೂ ಸಾವುಗಳೂ ಕಡಿಮೆಯಾದವು. ಎರಡೂ ಪ್ರಯೋಗಗಳ ರೋಗಿಗಳು ಒಂದೇ ಬಗೆಯವರಲ್ಲ, ಉಪಕರಣಗಳೂ ಬೇರೆ, ಆದ್ದರಿಂದ ನೇರ ಹೋಲಿಕೆ ಸಲ್ಲದು. ಆದರೂ ದಿಂಬಿನ ಪ್ರಶ್ನೆಯನ್ನು ಕೇಳಿಸಿಕೊಂಡ ನನಗೆ ಆ ವ್ಯತ್ಯಾಸ ಎಲ್ಲಿಂದ ಬಂದಿರಬಹುದೆಂದು ಊಹಿಸುವುದು ಕಷ್ಟವಾಗಲಿಲ್ಲ. ನಮ್ಮ ಸೇವೆಯಲ್ಲಿ ರಾತ್ರಿ ಯಾರೂ ಇರುವುದಿಲ್ಲ.

ನಾನು ಬರೆದ ದೂರಿಗೆ, ಆಧಾರ ತೂಕವನ್ನು ವೈದ್ಯರು ಮಾತ್ರ ಬದಲಿಸಬಹುದು ಎಂಬ ಉತ್ತರ ಬಂತು. ಅದು ಸರಿಯಾದ ನಿಯಮವೇ. ಮನೆಯವರ ಕೈಗೆ ಅದನ್ನು ಕೊಡಬಾರದು. ನಾನು ಕೇಳಿದ್ದು ಬೇರೆ. ಆ ತೂಕವನ್ನು ಎಂದು ನಿಗದಿ ಮಾಡಿದರೆಂಬ ದಿನಾಂಕವನ್ನು ಪರದೆಯ ಮೇಲೆ ತೋರಿಸಿ, 3 ತಿಂಗಳಾದ ಮೇಲೆ ಇನ್ನೊಮ್ಮೆ ನೋಡಿರೆಂದು ವೈದ್ಯರಿಗೆ ನೆನಪಿಸಿ, ಎಂದು. ಮೂರು ಬಾರಿ ಆ್ಯಪ್ ಹೊಸದಾಯಿತು, ಬಣ್ಣಗಳು ಬದಲಾದವು, ದಿನಾಂಕ ಇನ್ನೂ ಬಂದಿಲ್ಲ.

ತಿಂಗಳ ಶುಲ್ಕ ನಮಗೆ ಹಗುರವಲ್ಲ. ಅದಕ್ಕಾಗಿ ಬೇರೆ ಒಂದೆರಡು ಖರ್ಚುಗಳನ್ನು ನಿಲ್ಲಿಸಿದ್ದೇವೆ. ಹಾಗಿದ್ದರೂ ಸೇವೆಯನ್ನು ಮುಂದುವರಿಸಿದ್ದೇನೆ, ಮುಖ್ಯವಾಗಿ ಆ ನರ್ಸ್‌ಗಾಗಿ. ಕರೆ ಮಾಡಿ ಮಾತನಾಡಿಸುವ ಜನರಿಲ್ಲದೆ ಬರೀ ಯಂತ್ರ ಮತ್ತು ಆ್ಯಪ್ ಮಾರುವ ಸೇವೆಗಾದರೆ ನಾನು ಹಣ ಕೊಡುವುದಿಲ್ಲ. ಒಂದು ಒಳ್ಳೆಯ ತೂಕದ ಯಂತ್ರ ಮತ್ತು ಒಂದು ನೋಟ್‌ಬುಕ್ ಸಾಕು. ನೋಟ್‌ಬುಕ್ ಈಗ ನನ್ನ ಬಳಿಯೂ ಇದೆ. ಅದರಲ್ಲಿ ತೂಕದ ಪಕ್ಕದಲ್ಲಿ ದಿಂಬಿನ ಲೆಕ್ಕ, ಪಾದದ ಗಂಟಿನ ಊತ, ರಾತ್ರಿ ಎಷ್ಟು ಸಲ ಎದ್ದರು ಎಂಬುದನ್ನು ಬರೆಯುತ್ತೇನೆ, ತಿಂಗಳ ಮೊದಲ ದಿನ ಆ್ಯಪ್‌ನ ಒಳಗಿಳಿದು 3 ತಿಂಗಳ ನಕ್ಷೆಯನ್ನು ತೆರೆಯುತ್ತೇನೆ. ತೂಕದ ಯಂತ್ರದ ಅಂಚಿಗೆ ಒಂದು ಬಿಳಿಯ ಪಟ್ಟಿ ಅಂಟಿಸಿದ್ದೇನೆ. ಅದರ ಮೇಲೆ ಅಮ್ಮನ ಹೊಸ ಆಧಾರ ತೂಕವಿದೆ, ವೈದ್ಯರು ಅದನ್ನು ನಿಗದಿ ಮಾಡಿದ ದಿನಾಂಕವೂ ಇದೆ.