ಮೊಣಕಾಲಿನ ಗಂಟು ಬದಲಿಸಿದ ಆಪರೇಷನ್ ಮತ್ತೆ ಮನೆಗೆ ಬರುವ ಫಿಸಿಯೋ: ನನ್ನ ರಿವ್ಯೂ

ಐದರಲ್ಲಿ ನಾಲ್ಕು ಸ್ಟಾರ್ ಕೊಡ್ತೇನೆ. ಆಸ್ಪತ್ರೆ ಹೆಸರು ಹಾಕುದಿಲ್ಲ, ಹಾಕಿದ್ರೆ ಜಾಹೀರಾತು ಅಂತೀರಿ, ಮತ್ತೆ ಕೆಳಗೆ ಸ್ವಲ್ಪ ಬೈದದ್ದೂ ಉಂಟು. ಮಂಗಳೂರಲ್ಲಿ ಕಂಕನಾಡಿಯಿಂದ ದೇರಳಕಟ್ಟೆವರೆಗೆ ದೊಡ್ಡ ಆಸ್ಪತ್ರೆಗಳಿಗೆ ಬರಗಾಲ ಇಲ್ಲ, ಆಚೆ ಮಣಿಪಾಲ ಬೇರೆ ಉಂಟು, ಎಲ್ಲ ಕಡೆ ಗಂಟು ಬದಲಿಸ್ತಾರೆ. ಎಲ್ಲಿಗೆ ಹೋದ್ರೂ ಎಂತ ಕೇಳಬೇಕು ಅಂತ ಗೊತ್ತಿದ್ರೆ ಅರ್ಧ ನೋವು ಕಮ್ಮಿ, ಅದನ್ನೇ ಬರೀತಾ ಇದ್ದೇನೆ.

ನಾನು ಬ್ಯಾಂಕಲ್ಲಿ ಕೆಲಸ ಮಾಡಿ ರಿಟೈರ್ ಆದವಳು, ಮನೆ ಬಿಜೈ ಹತ್ರ. ಎಡಗಾಲಿನ ಗಂಟು ಸವೆದು ಸವೆದು ಎಕ್ಸ್‌ರೇಯಲ್ಲಿ ಎರಡು ಎಲುಬಿನ ಮಧ್ಯೆ ಒಂದು ಗೆರೆಯಷ್ಟೂ ಜಾಗ ಕಾಣ್ತಿರಲಿಲ್ಲ. ಸಿಟಿ ಬಸ್ ಹತ್ತುದಂದ್ರೆ ಕಂಬಿ ಹಿಡಿದು ಬಲಗಾಲು ಹಾಕಿ ಎಡದ್ದನ್ನು ಎಳೆದುಕೊಳ್ಳುದು, ಅಷ್ಟರೊಳಗೆ ಕಂಡಕ್ಟರ್ ರೈಟ್ ಪೋಯಿ ಅಂದಾಗಿರ್ತದೆ. ಮೆಟ್ಟುಕತ್ತಿ ಎದುರು ಕೂತು ತರಕಾರಿ ಕೊರೆಯುದು ಬಿಟ್ಟು ಎಷ್ಟೋ ವರ್ಷ ಆಯ್ತು. ಇಂಜೆಕ್ಷನ್, ಎಣ್ಣೆ, ಬೆಲ್ಟು, ಟಿವಿಯಲ್ಲಿ ತೋರಿಸುವ ಕ್ಯಾಪ್ಸೂಲು ಎಲ್ಲ ಮುಗಿಸಿದ್ದೆ. ಆದ್ರೂ ಆಪರೇಷನ್ ಅಂದ್ರೆ ನಡುಕ, ಯಾಕೆಂದ್ರೆ ಕುಂದಾಪುರದ ಅತ್ತಿಗೆ ತುಂಬ ವರ್ಷ ಹಿಂದೆ ಮಾಡಿಸಿದಾಗ ವಾರ್ಡ್ ಇಡೀ ಕೇಳುವ ಹಾಗೆ ಕೂಗಿದ್ದು ನಾನೇ ನೋಡಿದ್ದು ಮಾರಾಯ್ರೆ. ವ್ಯಾಯಾಮ ಮಾಡಿಸುವ ಫಿಸಿಯೋ ಬಂದ ಅಂದ್ರೆ ಅವರು ಹೊದಿಕೆ ಮುಖಕ್ಕೆ ಎಳ್ಕೊಳ್ತಿದ್ರು.

ಅವರಿಗೂ ನನಗೂ ಆದ ವ್ಯತ್ಯಾಸ ಒಳಗೆ ಹಾಕಿದ ಕೃತಕ ಗಂಟಿನ ಕಂಪೆನಿಯಿಂದ ಅಂತ ನಾನು ನಂಬುದಿಲ್ಲ. ನನ್ನ ಲೆಕ್ಕದಲ್ಲಿ ಅದು ಅನಸ್ತೇಸಿಯ ಡಾಕ್ಟ್ರ ಕೆಲಸ. ಹಿಂದಿನ ದಿನವೇ ಬಂದು ಮಂಚದ ಹತ್ರ ಕುರ್ಚಿ ಎಳ್ಕೊಂಡು ಕೂತು ಎಲ್ಲ ಹೇಳಿದ್ರು, ಅಷ್ಟು ಹೊತ್ತು ಸರ್ಜನ್ ಕೂಡ ಕೂತಿರಲಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುದು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಅದರ ಜೊತೆಗೆ ತೊಡೆಯ ಒಳಬದಿಗೆ ಅಲ್ಟ್ರಾಸೌಂಡ್ ನೋಡಿಕೊಂಡು ಇನ್ನೊಂದು ಇಂಜೆಕ್ಷನ್, ಅಡಕ್ಟರ್ ಕೆನಾಲ್ ಬ್ಲಾಕ್ ಅಂತ. ಮೊದಲೆಲ್ಲ ತೊಡೆಯ ಬುಡದಲ್ಲಿ ಫೆಮೋರಲ್ ನರಕ್ಕೆ ಬ್ಲಾಕ್ ಕೊಡ್ತಿದ್ರಂತೆ, ನೋವು ಹೋಗ್ತಿತ್ತು ಆದ್ರೆ ತೊಡೆಯ ಸ್ನಾಯುವೂ ಸೋತು ಹೋಗಿ ಎದ್ದು ನಿಂತ್ರೆ ಕಾಲು ಮಡಚಿ ಬೀಳುವ ಭಯ. ಈ ಹೊಸ ಜಾಗದಲ್ಲಿ ಕೊಟ್ರೆ ನೋವು ತರುವ ನರ ಮಲಗ್ತದೆ, ಕಾಲಿನ ಬಲ ಹೆಚ್ಚು ಕಡಿಮೆ ಹಾಗೇ ಉಳೀತದೆ. ಅದಲ್ಲದೆ ಹೊಲಿಗೆ ಹಾಕುವ ಮೊದಲು ಸರ್ಜನ್ ಗಂಟಿನ ಸುತ್ತ ಮದ್ದು ಚುಚ್ಚಿ ಬಿಡ್ತಾರೆ. ರಕ್ತ ಹೆಚ್ಚು ಹೋಗದ ಹಾಗೆ ಟ್ರಾನೆಕ್ಸಾಮಿಕ್ ಆಸಿಡ್ ಅಂತ ಒಂದು ಕೊಡ್ತಾರೆ, ಒಳಗೆ ರಕ್ತ ಕಟ್ಟುದು ಕಮ್ಮಿ ಆದ್ರೆ ಬಾವೂ ಕಮ್ಮಿ.

ಒಂದು ವಿಷಯ ಮಾತ್ರ ಯಾರೂ ಮೊದಲೇ ಹೇಳುದಿಲ್ಲ, ಬೆನ್ನಿನ ಇಂಜೆಕ್ಷನಲ್ಲಿ ನಿಮಗೆ ಕಿವಿ ಕೇಳ್ತದೆ, ಆ ಕಡೆ ಆಚಾರಿ ಕೆಲಸ ನಡೀತಿದ್ದ ಹಾಗೆ ಕುಟ್ಟುದು ಕೊರೆಯುದು ಶಬ್ದ ಬರ್ತದೆ. ನಾನು ನಿದ್ದೆಗೆ ಸ್ವಲ್ಪ ಎಂತಾದ್ರೂ ಕೊಡಿ ಅಂತ ಕೇಳಿದ್ದಕ್ಕೆ ಕೊಟ್ರು. ಕೇಳ್ಳಿಕ್ಕೆ ನಾಚಿಕೆ ಬೇಡ.

ಸಾಯಂಕಾಲ ವಾರ್ಡಿಗೆ ಬಂದ ಮೇಲೆ ವಾಕರ್ ಹಿಡಿಸಿ ನಿಲ್ಲಿಸಿಯೇ ಬಿಟ್ರು. ನಾನು ನೋವಿಗೆ ಕಾಯ್ತಾ ಇದ್ದೇನೆ, ಅದು ಬರ್ತಾನೇ ಇಲ್ಲ. ಮನೆಯವರು ಬಾಗಿಲ ಹತ್ರ ನಿಂತು ಬಾಯಿ ಬಿಟ್ಟು ನೋಡ್ತಾ ಇದ್ರು. ಆದ್ರೆ ನೋವೇ ಇಲ್ಲ ಅಂತ ಬರೆದ್ರೆ ಸುಳ್ಳಾಗ್ತದೆ. ಬ್ಲಾಕ್ ಇಳಿಯುವ ಹೊತ್ತು ಒಂದುಂಟು, ನನಗೆ ಮರುದಿನ ರಾತ್ರಿ ಊಟ ಆದ ಮೇಲೆ ಶುರುವಾಯ್ತು, ಗಂಟಿನ ಹಿಂದೆ ಯಾರೋ ಹಿಡಿದು ಹಿಂಡಿದ ಹಾಗೆ. ಆಗ ಉಪಯೋಗಕ್ಕೆ ಬಂದದ್ದು ನೈಟ್ ಡ್ಯೂಟಿ ಸಿಸ್ಟರ್, ಕೇರಳದ ಹುಡುಗಿ. ನೋವು ಬರುವ ಮೊದಲೇ ಗಡಿಯಾರ ನೋಡಿ ಮಾತ್ರೆ ತಂದು ಕೈಯಲ್ಲಿ ಇಡ್ತಿದ್ದಳು. "ಆಂಟೀ, ಈಗ ನೋವಿಲ್ಲ ಅಂತ ಬಿಡ್ಲಿಕ್ಕಿಲ್ಲ, ನೋವು ಜಾಸ್ತಿ ಆದ ಮೇಲೆ ತಗೊಂಡ್ರೆ ಹಿಡೀಲಿಕ್ಕೆ ಕಷ್ಟ ಉಂಟು." ನಮ್ಮಲ್ಲಿ ಪೈನ್‌ಕಿಲ್ಲರ್ ಅಂದ್ರೆ ಕಿಡ್ನಿ ಹಾಳು ಅಂತ ಹಲ್ಲು ಕಚ್ಚಿ ಸಹಿಸುವವರೇ ಹೆಚ್ಚು, ಪಕ್ಕದ ಬೆಡ್ಡಿನವರು ಮಾತ್ರೆಯನ್ನು ತಲೆದಿಂಬಿನ ಅಡಿಗೆ ಇಟ್ಟು ಇಟ್ಟು ಮೂರನೇ ದಿನ ಅತ್ತೇ ಬಿಟ್ರು. ನನಗೆ ಕೊಟ್ಟದ್ದರಲ್ಲಿ ಮುಖ್ಯವಾದ್ದು ನಾವೆಲ್ಲ ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲೇ, ಹೊತ್ತು ಹೊತ್ತಿಗೆ ಸರಿಯಾಗಿ, ಅದರ ಮೇಲೆ ಬಾವು ಇಳೀಲಿಕ್ಕೆ ಒಂದು, ಟ್ರಮಡಾಲ್ ಅಂತ ಜೋರಿನ ನೋವಿನ ಮಾತ್ರೆ ತೀರ ಬೇಕಾದ್ರೆ ಮಾತ್ರ. ಬಾವಿನ ಮಾತ್ರೆ ಕಿಡ್ನಿ, ಬಿಪಿ, ಗ್ಯಾಸ್ಟ್ರಿಕ್ ಇದ್ದವರಿಗೆ ಎಲ್ಲ ಆಗುದಿಲ್ಲ, ಅದು ಡಾಕ್ಟ್ರು ನೋಡಿ ಕೊಡ್ಬೇಕಾದ್ದು, ನನ್ನ ಚೀಟಿ ನೋಡಿ ಮೆಡಿಕಲಿಗೆ ಓಡ್ಬೇಡಿ. ಟ್ರಮಡಾಲಿಗೆ ಹೊಟ್ಟೆ ಕಟ್ತದೆ, ವಾಕರಿಕೆಯೂ ಬರ್ತದೆ. ಕುಚ್ಚಲಕ್ಕಿ ಗಂಜಿ, ಬಸಳೆ, ಬಿಸಿನೀರು ಹಿಡ್ಕೊಂಡು ಅದನ್ನು ಸುಧಾರಿಸಿದ್ದು.

ಈಗ ರೋಬೋಟ್ ವಿಷಯ. ನಾನು ಕೇಳಿದ ಎರಡು ಕಡೆ ಮೊದಲು ಎದುರಿಗೆ ಇಟ್ಟದ್ದೇ ರೋಬೋಟಿಕ್ ಪ್ಯಾಕೇಜು, ಒಳ್ಳೆ ಬ್ರೋಷರ್ ಉಂಟು. ಹೆಚ್ಚಿನ ರೋಬೋಟ್ ತಾನೇ ಬಂದು ಕೊರೆಯುದಿಲ್ಲ ಮಾರಾಯ್ರೆ, ಎಲುಬು ಕೊಯ್ಯುವ ಅಳತೆ ಹಿಡಿದು ಸರ್ಜನ್ ಕೈಗೆ ಸಹಾಯ ಮಾಡುದು ಅಷ್ಟೆ. ಅಳತೆ ಹೆಚ್ಚು ಸರಿಯಾಗಿ ಬರ್ತದೆ ಅಂತಾರೆ, ಬರಬಹುದು. ನಾನು ಮಾಮೂಲಿ ವಿಧಾನದಲ್ಲೇ ಮಾಡಿಸಿದ್ದು, ಉಳಿದ ದುಡ್ಡು ಫಿಸಿಯೋಗೆ ಹಾಕಿದೆ, ಅದಕ್ಕೆ ಇವತ್ತಿಗೂ ಬೇಜಾರಿಲ್ಲ. ಹಾಗೆಯೇ ಇಂಪ್ಲಾಂಟ್, ಅಂದ್ರೆ ಆ ಕೃತಕ ಗಂಟಿನ ರೇಟು. 2017ರ ಆಗಸ್ಟಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಇದಕ್ಕೆ ಮಿತಿ ಹಾಕಿತು, ಕೋಬಾಲ್ಟ್ ಕ್ರೋಮಿಯಂ ಗಂಟಿಗೆ 54,720 ರೂಪಾಯಿ, ಟೈಟಾನಿಯಂ, ಆಕ್ಸಿಡೈಸ್ಡ್ ಜಿರ್ಕೋನಿಯಂ ಥರದ್ದಕ್ಕೆ 76,600, ಜಿಎಸ್‌ಟಿ ಬೇರೆ. ಅದರ ಮೊದಲು ಅದೇ ಗಂಟಿಗೆ ಲಕ್ಷದ ಮೇಲೆ ಎಮ್‌ಆರ್‌ಪಿ ಇತ್ತು. ಈಗಿನ ಮಿತಿ ಎಷ್ಟು ಅಂತ ಕೇಳಿ, ಇಂಪ್ಲಾಂಟಿನ ಸ್ಟಿಕ್ಕರ್ ಡಿಸ್ಚಾರ್ಜ್ ಫೈಲಲ್ಲಿ ಅಂಟಿಸಿ ಕೊಡಿ ಅಂತಲೂ ಕೇಳಿ. ಕೌಂಟರಲ್ಲಿ ಮೂವತ್ತು ವರ್ಷ ಕೂತವಳು ನಾನು, ಬಿಲ್ಲಿನ ಒಂದೊಂದು ಸಾಲು ಓದಿಯೇ ಸಹಿ ಹಾಕಿದ್ದು.

ಒಂದು ಸ್ಟಾರ್ ಕಟ್ ಆದದ್ದೂ ಆ ಬಿಲ್ಲಿಂದಲೇ. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟ್ರು ಮನೆಗೆ ಹೋಗಿ ಅಂದ್ರು, ಇನ್ಶೂರೆನ್ಸ್ ಅಪ್ರೂವಲ್ ಬರುವಾಗ ಹೊರಗೆ ಕತ್ತಲೆ. ಅಷ್ಟು ಹೊತ್ತು ಹೊಸ ಗಂಟು ಇಟ್ಕೊಂಡು ಕೂರ್ಲಿಕ್ಕೂ ಆಗದೆ ಮಲಗ್ಲಿಕ್ಕೂ ಆಗದೆ, ಬೆಡ್ ಬೇರೆಯವರಿಗೆ ಬೇಕು ಅಂತ ಸಿಸ್ಟರ್ ಬಂದು ಬಂದು ಮುಖ ನೋಡುದು. ಪ್ಯಾಕೇಜಲ್ಲಿ ವಾಕರ್ ಸೇರಿದೆ ಅಂತ ಬಾಯಲ್ಲಿ ಹೇಳಿದ್ರು, ಬಿಲ್ಲಲ್ಲಿ ಬೇರೆ ಬಂತು. ಬಾಯಲ್ಲಿ ಹೇಳಿದ್ದೆಲ್ಲ ಕಾಗದಲ್ಲಿ ಬರೆಸಿಕೊಳ್ಳಿ.

ಫಿಸಿಯೋ ಬಗ್ಗೆ ಸ್ವಲ್ಪ ಉದ್ದ ಬರೀತೇನೆ, ಯಾಕೆಂದ್ರೆ ಆಪರೇಷನ್ ಒಂದು ದಿನದ್ದು, ಇದು ತಿಂಗಳುಗಟ್ಟಲೆಯದ್ದು. ಮಂಗಳೂರಲ್ಲಿ ಫಿಸಿಯೋ ಕಾಲೇಜು ಬೇಕಾದಷ್ಟು ಇರುದರಿಂದ ಮನೆಗೆ ಬರುವವರು ಸಿಗ್ತಾರೆ. ನಮಗೆ ಸಿಕ್ಕಿದ್ದು ಸ್ವಂತ ಕ್ಲಿನಿಕ್ ಇಟ್ಟುಕೊಂಡ ಹುಡುಗಿ, ಸ್ಕೂಟರಲ್ಲಿ ಬರುದು, ಬಂದ ಕೂಡಲೇ ಕೇಳುದು "ಅಮ್ಮಾ, ಮಾತ್ರೆ ಎಷ್ಟು ಹೊತ್ತಿಗೆ ತಗೊಂಡ್ರಿ?" ಮಾತ್ರೆ ನುಂಗಿ ಮುಕ್ಕಾಲು ಗಂಟೆ ಆಗದೆ ಕಾಲು ಮುಟ್ಟುದಿಲ್ಲ. ಇದೇ ಅವಳ ಗುಟ್ಟು. ಮೊದಲು ಮಂಡಿ ಚಿಪ್ಪಿನ ಮೇಲೆ ಕೈ ಇಟ್ಟು ತೊಡೆ ಬಿಗಿ ಮಾಡಿಸುದು, ಆಮೇಲೆ ಹಿಮ್ಮಡಿ ಹಾಸಿಗೆ ಮೇಲೆ ಜಾರಿಸುತ್ತಾ ಕಾಲು ಮಡಚುದು, ಅದಕ್ಕೆ ಹಿಮ್ಮಡಿ ಅಡಿಗೆ ಒಂದು ಪ್ಲಾಸ್ಟಿಕ್ ಕವರ್ ಇಡಿಸಿದ್ಲು, ಸರ್ರಂತ ಹೋಗ್ತದೆ. ಪಾರದರ್ಶಕ ಪ್ಲಾಸ್ಟಿಕ್ಕಿನ ಕೋನಮಾಪಕ ಗಂಟಿನ ಪಕ್ಕಕ್ಕೆ ಹಿಡಿದು ಓದ್ತಾಳೆ, ಎಪ್ಪತ್ತು, ಎಪ್ಪತ್ತೆಂಟು, ಅದನ್ನು ಗೋಡೆಯ ಕ್ಯಾಲೆಂಡರಲ್ಲಿ ಆ ದಿನದ ಚೌಕದಲ್ಲಿ ಬರೆಯುದು. ಏಕಾದಶಿ, ಸಂಕಷ್ಟಿ ಪಕ್ಕದಲ್ಲೇ ನನ್ನ ಡಿಗ್ರಿ. ಹೊಲಿಗೆ ಪಿನ್ನು ತೆಗೆಯುವ ಹೊತ್ತಿಗೆ 90 ದಾಟಿತು, ಮೆಟ್ಟಿಲು ಇಳೀಲಿಕ್ಕೆ ಕುರ್ಚಿಯಿಂದ ಏಳ್ಲಿಕ್ಕೆ ಅಷ್ಟಾದ್ರೂ ಬೇಕೇ ಬೇಕು.

ಮಡಚುದಕ್ಕಿಂತ ನೆಟ್ಟಗೆ ಮಾಡುದು ಮುಖ್ಯ ಅಂತ ಅವಳ ಹಟ. ಗಂಟಿನ ಅಡಿಗೆ ತಲೆದಿಂಬು ಇಟ್ಟು ಮಲಗಿದ್ರೆ ಹಾಯೆನಿಸ್ತದೆ, ಎಲ್ಲರೂ ಅದನ್ನೇ ಮಾಡುದು, ಆದ್ರೆ ಕಾಲು ಹಾಗೇ ಸ್ವಲ್ಪ ಮಡಚಿಯೇ ನಿಂತು ಬಿಡ್ತದೆ, ಮತ್ತೆ ನಡೆಯುವಾಗ ಕುಂಟು. ಅದಕ್ಕೆ ಬೈರಾಸು, ಅಂದ್ರೆ ಟವೆಲ್ಲು, ಸುರುಳಿ ಸುತ್ತಿ ಹಿಮ್ಮಡಿಯ ಅಡಿಗೆ ಇಟ್ಟು, ಗಂಟು ತನ್ನ ಭಾರಕ್ಕೆ ಕೆಳಗೆ ಇಳಿಯುವ ಹಾಗೆ ಬಿಡಿಸುದು. ಸುಖ ಇಲ್ಲ, ಒಪ್ತೇನೆ. ಆದ್ರೆ ಅವಳು ಜೋರಾಗಿ ಒತ್ತಿ ಮಡಚಿದ್ದು ಒಂದು ದಿನವೂ ಇಲ್ಲ. ಮೆಟ್ಟಿಲಿಗೆ ಸೂತ್ರ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು. ಮೊಮ್ಮಗ ಅದನ್ನು ಬಾಯಿಪಾಠ ಮಾಡಿ ನಾನು ಮೆಟ್ಟಿಲ ಹತ್ರ ಹೋದ ಕೂಡಲೇ ಕೂಗ್ತಿದ್ದ. ಮನೆಗೆ ಫಿಸಿಯೋ ಗೊತ್ತು ಮಾಡುವವರು ಒಂದು ಕೇಳಿಕೊಳ್ಳಿ, ದಿನಾ ಒಬ್ಬರೇ ಬರ್ತಾರಾ ಅಂತ. ಅವಳಿಗೆ ಜ್ವರ ಬಂದಾಗ ಬೇರೆ ಹುಡುಗ ಬಂದ, ಕಾಲಿಗೆ ಕರೆಂಟಿನ ಮಿಷನ್ ಇಟ್ಟು ಮೊಬೈಲ್ ನೋಡ್ತಾ ಕೂತ. ಆ ದಿನದ ಫೀಸು ಕೊಡುವಾಗ ಕೈ ಹಿಂದೆ ಬಂತು.

ಐಸ್ ಪ್ಯಾಕ್ ಜೆಲ್ಲಿನದ್ದು ಎರಡು ತಗೊಳ್ಳಿ, ಒಂದು ಫ್ರಿಡ್ಜಲ್ಲಿ ಒಂದು ಕಾಲ ಮೇಲೆ. ಬೈರಾಸಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ, ನೇರ ಚರ್ಮಕ್ಕೆ ಇಡ್ಬಾರದು. ವ್ಯಾಯಾಮ ಆದ ಮೇಲೆ ಇದನ್ನು ಬಿಟ್ಟ ದಿನ ರಾತ್ರಿ ಬಾವು ಎದ್ದೇ ಏಳ್ತದೆ. ಮನೆಯವರು ದಕ್ಕೆಯಿಂದ ಮೀನಿನ ಐಸ್ ತರ್ಲಾ ಅಂತ ಕೇಳಿದ್ರು, ಬಂಗುಡೆ ವಾಸನೆಯ ಕಾಲು ಬೇಡ ಅಂದೆ. ರಕ್ತ ಹೆಪ್ಪುಗಟ್ಟದ ಹಾಗೆ ಹಾಕುವ ಉದ್ದ ಕಾಲುಚೀಲ ಇಲ್ಲಿಯ ಸೆಕೆಗೆ ಹಿಂಸೆ, ಆದ್ರೂ ಹಾಕಿದೆ. ಕಮೋಡ್ ಎತ್ತರ ಮಾಡುವ ಸೀಟು, ಬಾತ್‌ರೂಮಿಗೆ ಹಿಡಿಕೆ ಆಪರೇಷನ್ನಿಗೆ ಮೊದಲೇ ಹಾಕಿಸಿ. ವಾಕರ್ ಬಾಡಿಗೆಗೆ ಸಿಕ್ಕಿದ್ರೆ ಸಾಕು.

ಇನ್ನು ನೋಡ್ಲಿಕ್ಕೆ ಬರುವವರ ಸಲಹೆ. ಬಿಸಿ ಎಣ್ಣೆ ಹಾಕಿ ನೀವಿದ್ರೆ ಬಾವು ಇಳೀತದೆ ಅಂತ ಮೂರು ಜನ ಹೇಳಿದ್ರು, ಒಬ್ಬರು ಬಾಟ್ಲಿಯನ್ನೇ ತಂದ್ರು. ಹಸಿ ಗಾಯದ ಹತ್ರ ಎಣ್ಣೆ ಬೇಡ, ಮೀನಖಂಡ ಅಂತೂ ಯಾರಿಗೂ ನೀವ್ಲಿಕ್ಕೆ ಕೊಡ್ಬೇಡಿ, ಅಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಅಪಾಯ. ಮೀನಖಂಡ ಒಂದೇ ಕಡೆ ಊದಿ ನೋವು ಬಂದ್ರೆ, ಏದುಸಿರು ಬಂದ್ರೆ, ಗಾಯದಲ್ಲಿ ಕೀವು ಅಥವಾ ಜ್ವರ ಬಂದ್ರೆ ಸೀದಾ ಆಸ್ಪತ್ರೆಗೆ. ಆದ್ರೆ ಗಂಟು ತಿಂಗಳುಗಟ್ಟಲೆ ಬೆಚ್ಚಗೆ ಇರುದು, ಸಾಯಂಕಾಲ ಊದಿಕೊಳ್ಳುದು, ನಡೆಯುವಾಗ ಒಳಗೆ ಟಕ್ ಅನ್ನುದು, ಹೊರಬದಿಯಲ್ಲಿ ಅಂಗೈಯಷ್ಟು ಜಾಗ ಮರಗಟ್ಟಿದ ಹಾಗೆ ಇರುದು, ಇದೆಲ್ಲ ತುಂಬ ಜನರಿಗೆ ಆಗ್ತದಂತೆ. ಕೊಯ್ಯುವಾಗ ಚರ್ಮದ ಸಣ್ಣ ನರ ಕಡೀತದೆ, ಅದಕ್ಕೆ ಮರಗಟ್ಟುದು. ನನಗೆ ಹೆಚ್ಚು ತೊಂದ್ರೆ ಕೊಟ್ಟದ್ದು ರಾತ್ರಿ ನಿದ್ದೆ, ನೋವಿಂದ ಅಲ್ಲ, ಮಗ್ಗುಲು ಬದಲಿಸ್ಲಿಕ್ಕೆ ಆಗದೆ. ಇದರ ಬಗ್ಗೆ ಆಸ್ಪತ್ರೆಯಲ್ಲಿ ಒಂದು ಮಾತು ಹೇಳ್ಲಿಲ್ಲ.

ಈಗ ಬಸ್ ಹತ್ತುತ್ತೇನೆ, ಎಡಗಾಲು ಮೊದಲು ಹಾಕಿಯೇ. ತೆಂಗಿನಕಾಯಿ ತುರಿಯುದು ಟೇಬಲಿಗೆ ಸಿಕ್ಕಿಸುವ ತುರಿಮಣೆಯಲ್ಲಿ. ನೆಲಕ್ಕೆ ಕೂತು ಊಟ, ಚಕ್ಕಳಮಕ್ಕಳ ಎಲ್ಲ ಬೇಡ ಅಂದಿದ್ದಾರೆ ಡಾಕ್ಟ್ರು, ಭಜನೆಗೆ ಹೋದ್ರೆ ಹಿಂದೆ ಕುರ್ಚಿ. ಮೊನ್ನೆ ಬಯಲಾಟಕ್ಕೆ ಹೋಗಿದ್ದೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ತುಂಬ ಹೊತ್ತು ಒಂದೇ ಹಾಗೆ ಕೂತ್ರೆ ಗಂಟು ಬಿಗಿದುಕೊಳ್ತದೆ, ಹಾಗಾಗಿ ಒಂದೊಂದು ಪ್ರವೇಶಕ್ಕೆ ಎದ್ದು ಚರುಮುರಿ ಅಂಗಡಿವರೆಗೆ ಹೋಗಿ ಬರುದು, ಬೆಳಗಾಗುವಾಗ ಮಾರುವವನಿಗೆ ನನ್ನ ಗುರ್ತ ಆಗಿತ್ತು.

ಬಲದ ಗಂಟೂ ಸವೆದಿದೆ, ಅದಕ್ಕೂ ಅಲ್ಲಿಗೇ ಹೋಗುದು. ಮಳೆಗಾಲದಲ್ಲಿ ಮಾತ್ರ ಬೇಡ, ಅಂಗಳದ ಮುರಕಲ್ಲಿನ ಮೆಟ್ಟಿಲಿಗೆ ಹಾವಸೆ ಹಿಡಿದ್ರೆ ಎರಡೂ ಕಾಲು ಸರಿ ಇದ್ದವರೇ ಜಾರ್ತಾರೆ, ವಾಕರ್ ಹಿಡಿದವರ ಗತಿ ಕೇಳ್ಬೇಡಿ. ದೀಪಾವಳಿ ಕಳೆದು ಡೇಟ್ ತೆಗೆಯುದು ಅಂತ. ಅದರ ಮೊದಲು ಫೋನ್ ಮಾಡಿ ಬ್ಲಾಕ್ ಕೊಟ್ಟ ಆ ಡಾಕ್ಟ್ರು ಆಗ ರಜೆಯಲ್ಲಿ ಇಲ್ವಲ್ಲ ಅಂತ ಕೇಳ್ಬೇಕು, ಸರ್ಜನ್ ಡೇಟ್ ಆಮೇಲೆ.